ಮೀನು ಹಿಟ್ಟಿನ ಬದಲು ಯಾವ ಹಿಂಡಿ? ಸಾಕಣೆ ಮೀನಿನ ಆಹಾರಕ್ಕೆ ಸಸ್ಯ ಪ್ರೋಟೀನ್ ಆರಿಸುವ ಬಗೆ

ಸಾಕಣೆ ಮೀನಿನ ಆಹಾರದಲ್ಲಿ ಹೆಚ್ಚು ದುಡ್ಡು ತಿನ್ನುವ ಪದಾರ್ಥಗಳಲ್ಲಿ ಮೀನು ಹಿಟ್ಟು ಮುಂಚೂಣಿಯಲ್ಲಿದೆ. ಅದರ ಬೆಲೆ ನಿಂತಿರುವುದು ಕಡಲಿನ ಮೇಲೆ. ಪೆರು ಕರಾವಳಿಯ ಆಂಚೊವೆಟಾ ಮೀನು ಈ ಹಿಟ್ಟಿನ ಬಹುದೊಡ್ಡ ಮೂಲ. ಕಡಲಿನ ಮೇಲ್ಮೈ ನೀರು ಬಿಸಿಯೇರುವ ಎಲ್ ನಿನೊ ಬಂದ ವರ್ಷ ಆ ಮೀನು ಕೈಕೊಡುತ್ತದೆ. 2023ರಲ್ಲಿ ಪೆರು ವರ್ಷದ ಮೊದಲ ಹಂಗಾಮಿನ ಆಂಚೊವೆಟಾ ಮೀನುಗಾರಿಕೆಯನ್ನೇ ರದ್ದು ಮಾಡಬೇಕಾಯಿತು. ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣು ಹಿಂಡಿಯತ್ತ ಹೋಗುವುದು ಸಹಜ. ಎಡವಟ್ಟಾಗುವುದು ಅದರ ಮುಂದಿನ ಹೆಜ್ಜೆಯಲ್ಲಿ: ಚೀಲದ ಮೇಲಿನ ಪ್ರೋಟೀನ್ ಅಂಕಿಯೊಂದನ್ನೇ ನೋಡಿ, ಅಷ್ಟಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ಹಿಟ್ಟು ತೆಗೆದು ಹಿಂಡಿ ಸುರಿದಾಗ. ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ. ಕೊಯ್ಲಿನ ತೂಕ ಹಾಕುವಾಗ ಗೊತ್ತಾಗುತ್ತದೆ.

ಆಯ್ಕೆಯ ಕ್ರಮ ಹೀಗಿದ್ದರೆ ಒಳ್ಳೆಯದು: ಮೊದಲು ಮೀನಿನ ಜಾತಿ ಮತ್ತು ವಯಸ್ಸು, ಆಮೇಲೆ ಹಿಂಡಿಯ ಕೊರತೆ, ಕೊನೆಗೆ ಬೆಲೆ. ಬಹುತೇಕರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ.

ಮೀನು ಹಿಟ್ಟು ಏನೇನು ಕೊಡುತ್ತಿತ್ತು

ಒಳ್ಳೆಯ ಮೀನು ಹಿಟ್ಟಿನಲ್ಲಿ ಶೇ. 65ರ ಆಸುಪಾಸು ಪ್ರೋಟೀನ್ ಇರುತ್ತದೆ. ಅದರ ಜೊತೆ ಶೇ. 8–10 ಎಣ್ಣೆ, ಆ ಎಣ್ಣೆಯಲ್ಲಿ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲಗಳು, ಶೇ. 2–3 ರಂಜಕ (ಫಾಸ್ಫರಸ್), ಟೌರಿನ್ ಎಂಬ ಪೋಷಕ, ಕೊಲೆಸ್ಟರಾಲ್, ಮತ್ತು ಮೀನನ್ನು ಆಹಾರದತ್ತ ಎಳೆಯುವ ವಾಸನೆ ಎಲ್ಲವೂ ಬರುತ್ತವೆ. ಹಿಂಡಿಯಲ್ಲಿ ಇಪಿಎ, ಡಿಎಚ್‌ಎ ಇಲ್ಲ. ಟೌರಿನ್, ಕೊಲೆಸ್ಟರಾಲ್ ಇಲ್ಲವೆಂದೇ ಲೆಕ್ಕ. ರಂಜಕ ಇದ್ದರೂ ಮೂರರಲ್ಲಿ ಸುಮಾರು ಎರಡು ಪಾಲು ಫೈಟೇಟ್ ಎಂಬ ಸಂಯುಕ್ತವಾಗಿ ಬಿಗಿದುಕೊಂಡಿರುತ್ತದೆ; ಅದನ್ನು ಬಿಡಿಸಿಕೊಳ್ಳುವ ಕಿಣ್ವ ಮೀನಿನ ಹೊಟ್ಟೆಯಲ್ಲಿ ಸಾಕಷ್ಟಿಲ್ಲ.

ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಮೀನಿಗೆ ಆಹಾರದಿಂದಲೇ ಸಿಗಬೇಕಾದವು ಹತ್ತು. ಹಿಂಡಿಗೆ ಬದಲಾದಾಗ ಮೊದಲು ಕೊರತೆ ಬೀಳುವುದು ಲೈಸಿನ್ ಮತ್ತು ಮೆಥಿಯೋನಿನ್‌ನಲ್ಲಿ. ಉಳಿದವುಗಳಲ್ಲಿ ಥ್ರಿಯೋನಿನ್ ಮೇಲೆ ಒಂದು ಕಣ್ಣಿಟ್ಟರೆ ಸಾಕು.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ನೀವು ಹೋಲಿಸುತ್ತಿರುವುದು ಯಾವ ಮೀನು ಹಿಟ್ಟಿನ ಜೊತೆ? ನೆಲದ ಮೇಲೆ ಒಣಗಿಸಿದ ಕಡಿಮೆ ದರ್ಜೆಯ ಹಿಟ್ಟಿನಲ್ಲಿ ಪ್ರೋಟೀನ್ ಶೇ. 45–50 ಇದ್ದು, ಉಳಿದದ್ದು ಮರಳು, ಉಪ್ಪು, ಮೂಳೆ ಆಗಿರಬಹುದು. ಆಮ್ಲದಲ್ಲಿ ಕರಗದ ಬೂದಿ ಶೇ. 2 ದಾಟಿದರೆ ಅದು ಮರಳು ಎಂದೇ ತಿಳಿಯಿರಿ. ಪ್ರಯೋಗಾಲಯದ ಪ್ರೋಟೀನ್ ಅಂಕಿಯೂ ಮೋಸ ಮಾಡಬಲ್ಲದು. ಅಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಒಂದು ಕ್ವಿಂಟಾಲ್ ಹಿಟ್ಟಿಗೆ ಒಂದು ಕೆಜಿ ಯೂರಿಯಾ ಬೆರೆಸಿದರೆ ವರದಿಯಲ್ಲಿ ಸುಮಾರು 2.9 ಕೆಜಿ ಪ್ರೋಟೀನ್ ಹೆಚ್ಚಿರುವಂತೆ ಕಾಣುತ್ತದೆ, ಮೀನಿಗೆ ಮಾತ್ರ ಸೊನ್ನೆ. ಅನುಮಾನ ಬಂದರೆ ಯೂರಿಯಾ ಪರೀಕ್ಷೆ ಅಥವಾ ಅಮೈನೋ ಆಮ್ಲಗಳ ವರದಿ ಕೇಳಿ. ಕಳಪೆ ಮೀನು ಹಿಟ್ಟಿಗಿಂತ ಚೆನ್ನಾಗಿ ಬೆಂದ ಸೋಯಾ ಹಿಂಡಿ ಎಷ್ಟೋ ಮೇಲು. ಅಂಥ ಕಡೆ ಬದಲಾವಣೆಗೆ ಹಿಂದೆಮುಂದೆ ನೋಡಬೇಕಿಲ್ಲ.

ಯಾವ ಮೀನಿಗೆ ಎಷ್ಟು ಬದಲಿಸಬಹುದು

ಗೆಂಡೆ ಜಾತಿಗಳು (ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ), ತಿಲಾಪಿಯಾ, ಪಂಗಾಸಿಯಸ್, ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್: ಇವುಗಳ ಬೆಳವಣಿಗೆ ಹಂತದ ಆಹಾರದಲ್ಲಿ ಮೀನು ಹಿಟ್ಟನ್ನು ಶೇ. 5ಕ್ಕೆ ಇಳಿಸುವುದು ಸುಲಭ, ಲೆಕ್ಕ ಸರಿಯಾಗಿದ್ದರೆ ಸೊನ್ನೆಗೂ ಇಳಿಸಬಹುದು. ಇವು ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತವೆ. ಸಸ್ಯಜನ್ಯ ಎಣ್ಣೆಯ ಲಿನೋಲೆನಿಕ್ ಆಮ್ಲದಿಂದ ತಮಗೆ ಬೇಕಾದ ಇಪಿಎ, ಡಿಎಚ್‌ಎಯನ್ನು ತಕ್ಕಮಟ್ಟಿಗೆ ತಾವೇ ಮಾಡಿಕೊಳ್ಳುತ್ತವೆ.

ಟ್ರೌಟ್ ಮತ್ತು ಸಾಲ್ಮನ್ ಮಾಂಸಾಹಾರಿಗಳು. ಇವುಗಳಿಗೂ ಬದಲಾವಣೆ ಸಾಧ್ಯ ಎಂಬುದಕ್ಕೆ ನಾರ್ವೆಯ ಸಾಲ್ಮನ್ ಆಹಾರವೇ ಸಾಕ್ಷಿ. 1990ರಲ್ಲಿ ಅದರಲ್ಲಿ ಸುಮಾರು ಶೇ. 65 ಮೀನು ಹಿಟ್ಟಿತ್ತು, 2013ರ ಹೊತ್ತಿಗೆ ಅದು ಸುಮಾರು ಶೇ. 18ಕ್ಕೆ ಇಳಿದಿತ್ತು. ಆದರೆ ಆ ಜಾಗಕ್ಕೆ ಬಂದದ್ದು ಸಾದಾ ಸೋಯಾ ಹಿಂಡಿ ಅಲ್ಲ. ಮುಖ್ಯವಾಗಿ ಸೋಯಾ ಪ್ರೋಟೀನ್ ಸಾಂದ್ರ (ಕಾನ್ಸಂಟ್ರೇಟ್), ಗೋಧಿಯ ಪ್ರೋಟೀನ್ ಆದ ಗೋಧಿ ಗ್ಲುಟೆನ್‌ನಂಥ ಶುದ್ಧೀಕರಿಸಿದ ಪದಾರ್ಥಗಳು. ಅಟ್ಲಾಂಟಿಕ್ ಸಾಲ್ಮನ್‌ಗೆ ಸಾದಾ ಸೋಯಾ ಹಿಂಡಿ ಶೇ. 10ರಷ್ಟು ಹಾಕಿದರೂ ಕರುಳಿನ ಹಿಂಭಾಗದಲ್ಲಿ ಉರಿಯೂತ ಕಾಣಿಸಿಕೊಳ್ಳಬಹುದು. ರೈನ್‌ಬೋ ಟ್ರೌಟ್ ಇದಕ್ಕಿಂತ ಸ್ವಲ್ಪ ಗಟ್ಟಿ.

ಸೀಬಾಸ್, ಗ್ರೂಪರ್, ಕೋಬಿಯಾ, ಯೆಲ್ಲೋಟೇಲ್‌ನಂಥ ಕಡಲ ಬೇಟೆ ಮೀನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬದಲಿಸುವ ಮುನ್ನ ಟೌರಿನ್ ಮತ್ತು ಮೀನೆಣ್ಣೆಯ ವ್ಯವಸ್ಥೆ ಇರಲೇಬೇಕು. ಟೌರಿನ್ ಕಡಿಮೆಯಾದ ಯೆಲ್ಲೋಟೇಲ್‌ನ ಯಕೃತ್ತು ಹಸಿರಾಗುವುದು ಚೆನ್ನಾಗಿ ದಾಖಲಾದ ಸಂಗತಿ. ಸಿಗಡಿಗೆ ಕೊಲೆಸ್ಟರಾಲ್ ಹೊರಗಿನಿಂದಲೇ ಬೇಕು. ಹಿಂಡಿಯಲ್ಲಿ ಅದು ಸಿಗದ ಕಾರಣ, ಮೀನು ಹಿಟ್ಟು ತೆಗೆದಷ್ಟೂ ಸ್ಕ್ವಿಡ್ ಹಿಟ್ಟು, ಸಿಗಡಿ ತಲೆಯ ಹಿಟ್ಟು ಅಥವಾ ಶುದ್ಧ ಕೊಲೆಸ್ಟರಾಲ್ ಸೇರಿಸಬೇಕಾಗುತ್ತದೆ.

ಯಾವ ಜಾತಿಯಾದರೂ ಸರಿ, ಮರಿ ಹಂತದಲ್ಲಿ ಮತ್ತು ಮೊಟ್ಟೆಗೆ ಬಿಡುವ ತಾಯಿ ಮೀನಿನಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಮರಿಗಳು ತಿನ್ನುವ ಒಟ್ಟು ಆಹಾರವೇ ಅಲ್ಪ. ಅಲ್ಲಿ ಉಳಿಸಿದ ದುಡ್ಡು ಬದುಕುಳಿಯುವ ಪ್ರಮಾಣದಲ್ಲಿ ಎರಡು ಮೂರು ಅಂಶ ಬಿದ್ದರೂ ಹೋಗಿಬಿಡುತ್ತದೆ.

ಹಿಂಡಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ

ಕೆಳಗಿನ ಅಂಕಿಗಳು ಪದಾರ್ಥದ ತೂಕದ ಶೇಕಡಾವಾರು, ಸಾಮಾನ್ಯ ಸರಾಸರಿ. ನಿಮ್ಮ ಕೈಯಲ್ಲಿರುವ ಚೀಲದ ವರದಿ ಬೇರೆ ಹೇಳಿದರೆ ಅದನ್ನೇ ನಂಬಿ.

| ಪದಾರ್ಥ | ಪ್ರೋಟೀನ್ | ಲೈಸಿನ್ | ಮೆಥಿಯೋನಿನ್ | ಮುಖ್ಯ ತೊಡಕು |
|---|---|---|---|---|
| ಮೀನು ಹಿಟ್ಟು (ಒಳ್ಳೆಯದು) | 65 | 5.0 | 1.8 | ಬೆಲೆ, ಕಲಬೆರಕೆ |
| ಸೋಯಾ ಹಿಂಡಿ (ಸಿಪ್ಪೆ ತೆಗೆದದ್ದು) | 48 | 2.9 | 0.65 | ಟ್ರಿಪ್ಸಿನ್ ತಡೆ, ಸಪೋನಿನ್ |
| ಸೋಯಾ ಪ್ರೋಟೀನ್ ಸಾಂದ್ರ | 64 | 4.0 | 0.85 | ಫೈಟೇಟ್, ಬೆಲೆ |
| ಶೇಂಗಾ ಹಿಂಡಿ | 45 | 1.5 | 0.5 | ಅಫ್ಲಾಟಾಕ್ಸಿನ್ |
| ಹತ್ತಿಬೀಜದ ಹಿಂಡಿ | 40 | 1.6 | 0.6 | ಗಾಸಿಪಾಲ್ |
| ರೇಪ್‌ಸೀಡ್ / ಕನೋಲಾ ಹಿಂಡಿ | 37 | 2.0 | 0.7 | ಗ್ಲುಕೋಸಿನೊಲೇಟ್, ನಾರು |
| ಸೂರ್ಯಕಾಂತಿ ಹಿಂಡಿ | 34 | 1.2 | 0.75 | ನಾರು |
| ಎಳ್ಳು ಹಿಂಡಿ | 42 | 1.1 | 1.2 | ಫೈಟೇಟ್, ಆಕ್ಸಲೇಟ್ |
| ಮೆಕ್ಕೆಜೋಳದ ಗ್ಲುಟೆನ್ | 60 | 1.0 | 1.4 | ಲೈಸಿನ್ ಕೊರತೆ, ಹಳದಿ ಬಣ್ಣ |
| ಗೋಧಿ ಗ್ಲುಟೆನ್ | 78 | 1.3 | 1.2 | ಲೈಸಿನ್ ಕೊರತೆ, ಬೆಲೆ |

ಬುನಾದಿಗೆ ಸೋಯಾ ಹಿಂಡಿಯೇ ಸರಿ. ಲೈಸಿನ್ ಅದರಲ್ಲಿ ಚೆನ್ನಾಗಿದೆ, ವರ್ಷವಿಡೀ ಸಿಗುತ್ತದೆ, ಒಂದು ಚೀಲಕ್ಕೂ ಇನ್ನೊಂದಕ್ಕೂ ಅಂತರ ಕಡಿಮೆ. ಆದರೆ ಬೇಯಿಸಿದ ಹದ ಮುಖ್ಯ. ಹಸಿ ಸೋಯಾದ ಟ್ರಿಪ್ಸಿನ್ ತಡೆಕಾರಕ ಪ್ರೋಟೀನ್ ಅರಗದಂತೆ ಮಾಡುತ್ತದೆ. ಶಾಖಕ್ಕೆ ಅದು ನಾಶವಾಗುತ್ತದೆ. ಹೆಚ್ಚು ಬೇಯಿಸಿದರೆ ಲೈಸಿನ್ ಸಕ್ಕರೆಯ ಜೊತೆ ಕೂಡಿಕೊಂಡು ಮೀನಿಗೆ ದಕ್ಕದಂತಾಗುತ್ತದೆ. ಹದ ತಿಳಿಯಲು ಎರಡು ಪರೀಕ್ಷೆಗಳಿವೆ. ಹಸಿ ಸೋಯಾದಲ್ಲಿರುವ ಯೂರಿಯೇಸ್ ಕಿಣ್ವದ ಪರೀಕ್ಷೆಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಕೆ 0.05ರಿಂದ 0.20ರ ಒಳಗಿದ್ದರೆ ಸರಿ, 0.3 ದಾಟಿದರೆ ಬೆಂದಿಲ್ಲ. ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗುವ ಪ್ರೋಟೀನ್ ಶೇ. 73–85 ಇರಬೇಕು; 70ಕ್ಕಿಂತ ಕೆಳಗಿಳಿದರೆ ಸೀದುಹೋಗಿದೆ. ಯೂರಿಯೇಸ್ ಪರೀಕ್ಷೆ ಹಸಿಯನ್ನು ಹಿಡಿಯುತ್ತದೆ, ಸೀದದ್ದನ್ನು ಹಿಡಿಯುವುದಿಲ್ಲ. ಅದಕ್ಕೇ ಎರಡೂ ಬೇಕು. ಗೋದಾಮಿನಲ್ಲೇ ನೋಡಬೇಕೆಂದರೆ ಫಿನಾಲ್ ರೆಡ್ ಎಂಬ ಬಣ್ಣಸೂಚಕ ಬೆರೆಸಿದ ಯೂರಿಯಾ ದ್ರಾವಣವನ್ನು ತಟ್ಟೆಯಲ್ಲಿ ಹರಡಿದ ಹಿಂಡಿಯ ಮೇಲೆ ಹನಿಸಿ. ಐದು ನಿಮಿಷದೊಳಗೆ ತಟ್ಟೆ ತುಂಬ ಕೆಂಪು ಚುಕ್ಕೆ ಎದ್ದರೆ ಆ ಹಿಂಡಿ ಬೇಡ. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಪರವಾಗಿಲ್ಲ.

ಸೋಯಾದಲ್ಲಿ ಸಹಜವಾಗಿರುವ ಸಪೋನಿನ್ ಎಂಬ ಪದಾರ್ಥ ಬೇರೆ ಸಮಸ್ಯೆ. ಸಾಲ್ಮನ್ ಕರುಳಿನ ಉರಿಯೂತಕ್ಕೆ ಮುಖ್ಯ ಕಾರಣ ಇದೇ, ಮತ್ತು ಇದು ಬೇಯಿಸಿದರೆ ಹೋಗುವುದಿಲ್ಲ. ಆಲ್ಕೋಹಾಲ್‌ನಲ್ಲಿ ತೊಳೆದು ಮಾಡಿದ ಸೋಯಾ ಪ್ರೋಟೀನ್ ಸಾಂದ್ರದಲ್ಲಿ ಸಪೋನಿನ್ ಜೊತೆಗೆ ಹೊಟ್ಟೆ ಉಬ್ಬರಿಸುವ ರಾಫಿನೋಸ್, ಸ್ಟ್ಯಾಕಿಯೋಸ್ ಸಕ್ಕರೆಗಳೂ ಹೋಗಿರುತ್ತವೆ. ಅದಕ್ಕೇ ಟ್ರೌಟ್, ಸಾಲ್ಮನ್, ಕಡಲ ಮೀನುಗಳಿಗೆ ಸಾಂದ್ರದ ಹೆಚ್ಚುವರಿ ಬೆಲೆ ನ್ಯಾಯ. ತಿಲಾಪಿಯಾ, ಗೆಂಡೆಗೆ ಅದನ್ನು ಹಾಕುವುದು ದುಂದು.

ಹುದುಗಿಸಿದ ಸೋಯಾ ಹಿಂಡಿ ಇವೆರಡರ ನಡುವಿನ ದಾರಿ. ಹಿಂಡಿಗೆ ನೀರು ಬೆರೆಸಿ ತೇವವನ್ನು ಶೇ. 40–50ಕ್ಕೆ ತಂದು, ಬ್ಯಾಸಿಲಸ್ ಸಬ್ಟಿಲಿಸ್ ಅಥವಾ ಲ್ಯಾಕ್ಟೋಬ್ಯಾಸಿಲಸ್ ಹೆಪ್ಪು ಸೇರಿಸಿ, 37 ಡಿಗ್ರಿ ಸೆಲ್ಸಿಯಸ್ ಹತ್ತಿರ 48 ಗಂಟೆ ಇಡುವುದು ವಾಡಿಕೆ. ಆಮೇಲೆ 60 ಡಿಗ್ರಿ ದಾಟದಂತೆ ಒಣಗಿಸಿ ತೇವವನ್ನು ಶೇ. 10ಕ್ಕೆ ಇಳಿಸಬೇಕು. ಟ್ರಿಪ್ಸಿನ್ ತಡೆ, ಅರಗದ ಸಕ್ಕರೆ, ಅಲರ್ಜಿ ಮಾಡುವ ಪ್ರೋಟೀನ್ ಎಲ್ಲ ಇಳಿಯುತ್ತವೆ. ಆದರೆ ಹೆಪ್ಪು ಶುದ್ಧವಾಗಿಲ್ಲದಿದ್ದರೆ ಕೊಳೆತ ವಾಸನೆ, ಬಣ್ಣದ ಬೂಸ್ಟು ಬರುತ್ತದೆ. ಅಂಥ ರಾಶಿಯನ್ನು ಒಣಗಿಸಿ ಬಳಸುವ ಆಸೆ ಬೇಡ, ಎಸೆಯಿರಿ.

ಶೇಂಗಾ ಹಿಂಡಿಯನ್ನು ಮೀನು ಇಷ್ಟಪಟ್ಟು ತಿನ್ನುತ್ತದೆ, ಉಂಡೆಯೂ ಚೆನ್ನಾಗಿ ಕಟ್ಟುತ್ತದೆ. ಲೈಸಿನ್ ಮಾತ್ರ ಸೋಯಾದ ಅರ್ಧ. ದೊಡ್ಡ ಅಪಾಯ ಅಫ್ಲಾಟಾಕ್ಸಿನ್. ತೇವ ಶೇ. 12 ದಾಟಿದ ಚೀಲದಲ್ಲಿ ಬೂಸ್ಟು ಹಿಡಿದರೆ ಈ ವಿಷ ತಯಾರಾಗುತ್ತದೆ. ಆಹಾರ ಬೇಯಿಸುವ ಶಾಖಕ್ಕೂ ಅದು ಜಗ್ಗುವುದಿಲ್ಲ. 1960ರ ಸುಮಾರಿಗೆ ಅಮೆರಿಕದ ಮರಿ ಕೇಂದ್ರಗಳಲ್ಲಿ ರೈನ್‌ಬೋ ಟ್ರೌಟ್‌ಗಳ ಯಕೃತ್ತಿಗೆ ಕ್ಯಾನ್ಸರ್ ಬಂದು, ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬೂಸ್ಟು ಹಿಡಿದ ಹತ್ತಿಬೀಜದ ಹಿಂಡಿಯಲ್ಲಿದ್ದ ಅಫ್ಲಾಟಾಕ್ಸಿನ್. ಗೆಂಡೆ, ತಿಲಾಪಿಯಾ ಅಷ್ಟು ಸೂಕ್ಷ್ಮವಲ್ಲ. ಆದರೂ 20 ಪಿಪಿಬಿಗಿಂತ (ನೂರು ಕೋಟಿಯಲ್ಲಿ 20 ಪಾಲು) ಕಡಿಮೆ ಎಂಬ ವರದಿ ಇಲ್ಲದ ಶೇಂಗಾ ಹಿಂಡಿಯನ್ನು ಕೊಳ್ಳದಿರುವುದು ಮೇಲು.

ಹತ್ತಿಬೀಜದ ಹಿಂಡಿಯಲ್ಲಿ ಗಾಸಿಪಾಲ್ ಇದೆ. ಅದು ಬೆಳವಣಿಗೆ ಕುಂಠಿಸುತ್ತದೆ, ಸಂತಾನಶಕ್ತಿಗೂ ಪೆಟ್ಟು ಕೊಡುತ್ತದೆ, ಸಾಲದ್ದಕ್ಕೆ ಇರುವ ಅಷ್ಟಿಷ್ಟು ಲೈಸಿನ್‌ಗೂ ಅಂಟಿಕೊಳ್ಳುತ್ತದೆ. ಕಬ್ಬಿಣ ಬೆರೆಸಿ ಇದನ್ನು ಕಟ್ಟಿಹಾಕಬಹುದು: ಬಿಡಿ ಗಾಸಿಪಾಲ್‌ನ ತೂಕದಷ್ಟೇ ತೂಕದ ಕಬ್ಬಿಣ. 20 ಕೆಜಿ ಹಿಂಡಿಯಲ್ಲಿ ಬಿಡಿ ಗಾಸಿಪಾಲ್ ಶೇ. 0.1 ಇದ್ದರೆ ಅದು 20 ಗ್ರಾಂ. ಹರಳು ರೂಪದ ಫೆರಸ್ ಸಲ್ಫೇಟ್‌ನಲ್ಲಿ ಕಬ್ಬಿಣ ಐದರಲ್ಲಿ ಒಂದು ಪಾಲು, ಆದ್ದರಿಂದ 100 ಗ್ರಾಂ ಬೇಕು. ಪುಡಿ ಮಾಡಿ, ಸ್ವಲ್ಪ ನೀರಲ್ಲಿ ಕರಗಿಸಿ ಹಿಂಡಿಯ ಮೇಲೆ ಸಮನಾಗಿ ಸಿಂಪಡಿಸಿ. ಇಷ್ಟೆಲ್ಲ ಮಾಡಿದರೂ ಒಟ್ಟು ಆಹಾರದಲ್ಲಿ ಶೇ. 10–15ರ ಮೇಲೆ ಹಾಕದಿರಿ. ತಾಯಿ ಮೀನಿಗಂತೂ ಬೇಡವೇ ಬೇಡ.

ರೇಪ್‌ಸೀಡ್ ಮತ್ತು ಸಾಸಿವೆ ಹಿಂಡಿಗಳ ಕಟು ರುಚಿಗೆ ಕಾರಣ ಗ್ಲುಕೋಸಿನೊಲೇಟ್. ಇದು ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ. ಕನೋಲಾ ತಳಿಗಳಲ್ಲಿ ಇದು ಗ್ರಾಂಗೆ 30 ಮೈಕ್ರೋಮೋಲ್‌ಗಿಂತ ಕಡಿಮೆ. ಸಾಮಾನ್ಯ ಸಾಸಿವೆ ಹಿಂಡಿಯಲ್ಲಿ ಅದರ ಹಲವು ಪಟ್ಟು ಇರಬಹುದು. ಸೂರ್ಯಕಾಂತಿ ಹಿಂಡಿ ವಿಷದ ಮಟ್ಟಿಗೆ ಅತ್ಯಂತ ಸಾಧು, ಮೆಥಿಯೋನಿನ್ ಕೂಡ ಪ್ರೋಟೀನ್‌ಗೆ ಹೋಲಿಸಿದರೆ ಒಳ್ಳೆಯದು. ಸಿಪ್ಪೆ ಮಾತ್ರ ತೊಂದರೆ. ಸಿಪ್ಪೆ ಸಮೇತ ಹಿಂಡಿದರೆ ನಾರು ಶೇ. 25ರವರೆಗೂ ಹೋಗುತ್ತದೆ, ಅಂಥದ್ದು ಮೀನಿಗಲ್ಲ. ಎಳ್ಳು ಹಿಂಡಿಯನ್ನು ಸೋಯಾದ ಮೆಥಿಯೋನಿನ್ ಕೊರತೆ ತುಂಬಲು ಶೇ. 5–8 ಹಾಕಿಕೊಳ್ಳಬಹುದು.

ಮೆಕ್ಕೆಜೋಳದ ಗ್ಲುಟೆನ್ ನೋಡಲು ಮೀನು ಹಿಟ್ಟಿಗೆ ಸರಿಸಾಟಿ: ಪ್ರೋಟೀನ್ ಶೇ. 60, ಮೆಥಿಯೋನಿನ್ 1.4. ಇದೇ ಹಲವರಿಗೆ ಮೋಸವಾಗುವ ಜಾಗ. ಲೈಸಿನ್ ಮೀನು ಹಿಟ್ಟಿನದರ ಐದರಲ್ಲಿ ಒಂದು ಪಾಲು ಮಾತ್ರ. ಅದರ ಹಳದಿ ವರ್ಣಕ ಬಿಳಿ ಮಾಂಸದ ಮೀನಿನ ಮಾಂಸಕ್ಕೂ ಇಳಿಯುತ್ತದೆ. ಪಂಗಾಸಿಯಸ್, ಕ್ಯಾಟ್‌ಫಿಶ್ ತುಣುಕುಗಳನ್ನು ಕೊಳ್ಳುವವರು ಹಳದಿ ಕಂಡರೆ ಮುಖ ತಿರುಗಿಸುತ್ತಾರೆ, ಅವುಗಳಿಗೆ ಶೇ. 5ರ ಒಳಗೆ ಇಟ್ಟರೆ ನಿಶ್ಚಿಂತೆ.

ಯಾವುದೇ ಹಿಂಡಿಯಾದರೂ, ಯಂತ್ರದಲ್ಲಿ ಒತ್ತಿ ಎಣ್ಣೆ ತೆಗೆದದ್ದೋ ದ್ರಾವಕದಲ್ಲಿ ತೆಗೆದದ್ದೋ ಎಂದು ಕೇಳಿ. ಒತ್ತಿ ತೆಗೆದದ್ದರಲ್ಲಿ ಶೇ. 6–8 ಎಣ್ಣೆ ಉಳಿದಿರುತ್ತದೆ. ಆ ಶಕ್ತಿ ಲಾಭವೇ, ಆದರೆ ಪ್ರೋಟೀನ್ ಕಡಿಮೆ, ಬೇಗ ಕನರುತ್ತದೆ.

100 ಕೆಜಿ ಆಹಾರದ ಲೆಕ್ಕ, ಇಡಿಯಾಗಿ

ತಿಲಾಪಿಯಾ ಬೆಳವಣಿಗೆ ಹಂತಕ್ಕೆ ಶೇ. 30 ಪ್ರೋಟೀನ್ ಆಹಾರ ಎಂದಿಟ್ಟುಕೊಳ್ಳಿ. ಹಳೆಯ ಮಿಶ್ರಣ: ಮೀನು ಹಿಟ್ಟು 10 ಕೆಜಿ, ಸೋಯಾ ಹಿಂಡಿ 38, ಮೆಕ್ಕೆಜೋಳ 22, ಎಣ್ಣೆ ತೆಗೆದ ಅಕ್ಕಿ ತೌಡು 25, ಎಣ್ಣೆ 2, ವಿಟಮಿನ್ ಮತ್ತು ಖನಿಜ ಮಿಶ್ರಣ 3.

ಮೀನು ಹಿಟ್ಟು ತೆಗೆದರೆ 6.5 ಕೆಜಿ ಪ್ರೋಟೀನ್ ಹೋಯಿತು. ಅದನ್ನು ಶೇ. 48ರ ಸೋಯಾದಿಂದ ತುಂಬಲು 13.5 ಕೆಜಿ ಬೇಕು. 10 ಕೆಜಿ ಜಾಗಕ್ಕೆ 13.5 ಕೆಜಿ ಬಂತು, ಹೆಚ್ಚಾದ 3.5 ಕೆಜಿಯನ್ನು ಮೆಕ್ಕೆಜೋಳ, ತೌಡಿನಿಂದ ಕಡಿಯಬೇಕು. ಕಡಿಯುವಾಗ ತೇಲುವ ಆಹಾರವಾದರೆ ಪಿಷ್ಟ ಶೇ. 20ಕ್ಕಿಂತ ತೀರಾ ಕೆಳಗಿಳಿಯದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಆಹಾರದ ಕಾಳು (ಪೆಲೆಟ್) ಉಬ್ಬುವುದಿಲ್ಲ. ಜೋಳ ಸಾಲದೇ ಹೋದರೆ ತೌಡಿನ ಒಂದಷ್ಟು ಪಾಲನ್ನು ಗೋಧಿ ಹಿಟ್ಟಿಗೆ ಬದಲಿಸಬಹುದು.

ಈಗ ಅಮೈನೋ ಆಮ್ಲ. ತಿಲಾಪಿಯಾಗೆ ಲೈಸಿನ್ ಆಹಾರದ ಶೇ. 1.6, ಮೆಥಿಯೋನಿನ್ ಮತ್ತು ಸಿಸ್ಟೀನ್ ಸೇರಿ ಶೇ. 1.0 ಬೇಕು. ಹೊಸ ಮಿಶ್ರಣದ ಸೋಯಾ 51.5 ಕೆಜಿಯಿಂದಲೇ ಲೈಸಿನ್ ಸುಮಾರು 1.49 ಕೆಜಿ ಬರುತ್ತದೆ. ಜೋಳ, ತೌಡು ಸೇರಿ 1.68. ಕಾಗದದ ಮೇಲೆ ಸಾಕು. ಅರಗುವ ಪಾಲನ್ನು ಶೇ. 88 ಎಂದು ಹಿಡಿದರೆ 1.48ಕ್ಕೆ ಇಳಿಯಿತು. 0.12 ಕೆಜಿ ಕೊರತೆ. ಲೈಸಿನ್ ಹೈಡ್ರೋಕ್ಲೋರೈಡ್‌ನಲ್ಲಿ ನಿಜವಾದ ಲೈಸಿನ್ ಶೇ. 78, ಆದ್ದರಿಂದ 150 ಗ್ರಾಂ. ಮೆಥಿಯೋನಿನ್–ಸಿಸ್ಟೀನ್ ಜೋಡಿ ಒಟ್ಟು 0.90, ಅರಗುವುದು ಸುಮಾರು 0.80. ಇಲ್ಲಿಗೆ 200 ಗ್ರಾಂ ಡಿಎಲ್-ಮೆಥಿಯೋನಿನ್. ಸೋಯಾ ಬುನಾದಿಯ ಆಹಾರದಲ್ಲಿ ಮೊದಲು ಕೈಕೊಡುವುದು ಮೆಥಿಯೋನಿನ್ ಎಂಬುದು ಇಲ್ಲೇ ಕಾಣುತ್ತದೆ.

ಹೊಸ ಚೀಟಿ: ಸೋಯಾ ಹಿಂಡಿ 51.5, ಮೆಕ್ಕೆಜೋಳ 18, ಎಣ್ಣೆ ತೆಗೆದ ತೌಡು 23.65, ಎಣ್ಣೆ 3, ಮಾನೊಕ್ಯಾಲ್ಸಿಯಂ ಫಾಸ್ಫೇಟ್ 1.5, ವಿಟಮಿನ್ ಮತ್ತು ಖನಿಜ ಮಿಶ್ರಣ 2, ಲೈಸಿನ್ 0.15, ಮೆಥಿಯೋನಿನ್ 0.20. ಎಣ್ಣೆ ಒಂದು ಕೆಜಿ ಏರಿದ್ದು ಮೀನು ಹಿಟ್ಟಿನ ಜೊತೆ ಹೋದ 900 ಗ್ರಾಂ ಕೊಬ್ಬಿಗೆ ಬದಲಾಗಿ.

ಗಮನಿಸಿ, ಇಲ್ಲಿ ಗುರಿ ಮೀನಿನ ಅಗತ್ಯ. ಮೀನು ಹಿಟ್ಟಿನಲ್ಲಿದ್ದ ಲೈಸಿನ್ ಪೂರ್ತಿ ವಾಪಸ್ ತುಂಬಲು ಹೊರಟರೆ ದುಡ್ಡು ವ್ಯರ್ಥ. ಹಳೆಯ ಆಹಾರದಲ್ಲಿ ಅದು ಅಗತ್ಯಕ್ಕಿಂತ ಹೆಚ್ಚೇ ಇತ್ತು.

ಸಾಮಾನ್ಯ ಗೆಂಡೆಗೆ ಇದೇ ಲೆಕ್ಕ ಹಾಕುವಾಗ ಲೈಸಿನ್ ಅಗತ್ಯ ಶೇ. 2.2. ಜೊತೆಗೆ, ಜಠರವಿಲ್ಲದ ಗೆಂಡೆಯ ಕರುಳಿಗೆ ಬಿಡಿ ಅಮೈನೋ ಆಮ್ಲ ಹಿಂಡಿಯ ಪ್ರೋಟೀನ್‌ಗಿಂತ ಮುಂಚೆಯೇ ಸೇರಿಬಿಡುತ್ತದೆ; ಎರಡೂ ಒಟ್ಟಿಗೆ ಸಿಗದಿದ್ದರೆ ಮೈಕಟ್ಟಲು ಬಳಕೆಯಾಗದೆ ಸುಟ್ಟುಹೋಗುತ್ತದೆ. ಇಂಥ ಆಹಾರವನ್ನು ದಿನಕ್ಕೆರಡು ಸಲದ ಬದಲು ನಾಲ್ಕು ಸಲ ಹಂಚಿ ಕೊಟ್ಟರೆ ನಷ್ಟ ಕಡಿಮೆ. ಸಿಗಡಿ ಕಾಳನ್ನು ಕಚ್ಚಿ ಕಚ್ಚಿ ನಿಧಾನಕ್ಕೆ ತಿನ್ನುವುದರಿಂದ ಬಿಡಿ ಅಮೈನೋ ಆಮ್ಲ ನೀರಿಗೆ ಸೋರುತ್ತದೆ. ಅದಕ್ಕೆ ಲೇಪನ ಮಾಡಿದ ರೂಪವನ್ನೇ ಕೊಳ್ಳಿ.

ರಂಜಕ: ಕಣ್ಣಿಗೆ ಬೀಳದ ಕೊರತೆ

ಪ್ರೋಟೀನ್ ಲೆಕ್ಕ ಸರಿಮಾಡಿ ರಂಜಕ ಮರೆತವರ ಕೊಳದಲ್ಲಿ ಮೂಳೆ ಮೆತ್ತಗಾದ, ಕಿವಿರು ಮುಚ್ಚಳ ಮಡಚಿದ ಮೀನು ಸಿಗುತ್ತವೆ. ಯಾವ ಫಾಸ್ಫೇಟ್ ಹಾಕುತ್ತೀರಿ ಎಂಬುದು ಹೊಟ್ಟೆಯ ಮೇಲೆ ನಿಂತಿದೆ. ಜಠರದ ಆಮ್ಲವಿರುವ ರೈನ್‌ಬೋ ಟ್ರೌಟ್‌ಗೆ ಮಾನೊಕ್ಯಾಲ್ಸಿಯಂ ಫಾಸ್ಫೇಟ್‌ನ ರಂಜಕ ಶೇ. 94, ಡೈಕ್ಯಾಲ್ಸಿಯಂನದು ಶೇ. 71 ದಕ್ಕುತ್ತದೆ. ಗೆಂಡೆಗೆ ಮಾನೊ ಶೇ. 94, ಡೈ ಶೇ. 46, ಟ್ರೈಕ್ಯಾಲ್ಸಿಯಂ ಕೇವಲ ಶೇ. 13. ಮೂಳೆಯಲ್ಲಿರುವ ರಂಜಕವೂ ಟ್ರೈಕ್ಯಾಲ್ಸಿಯಂ ಬಗೆಯದೇ. ಆದ್ದರಿಂದ ಗೆಂಡೆಗೆ ಮೀನು ಹಿಟ್ಟು ಹಾಕುತ್ತಿದ್ದಾಗಲೂ ರಂಜಕ ಸರಿಯಾಗಿ ಸಿಗುತ್ತಿರಲಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಡೈಕ್ಯಾಲ್ಸಿಯಂ ತಂದು ಗೆಂಡೆಗೆ ಸುರಿದರೆ ಅರ್ಧಕ್ಕಿಂತ ಹೆಚ್ಚು ಕೊಳದ ನೀರಿಗೆ ಸೇರಿ ಪಾಚಿ ಬೆಳೆಸುತ್ತದೆ.

ಫೈಟೇಟ್ ಒಡೆದು ರಂಜಕ ಬಿಡಿಸುವ ಫೈಟೇಸ್ ಕಿಣ್ವ ಇನ್ನೊಂದು ದಾರಿ, ಕೆಜಿ ಆಹಾರಕ್ಕೆ 500–1000 ಘಟಕ. ಎರಡು ಷರತ್ತು. ಬಹುತೇಕ ಫೈಟೇಸ್‌ಗಳು 80–90 ಡಿಗ್ರಿ ಶಾಖಕ್ಕೆ ನಾಶವಾಗುತ್ತವೆ. ತೇಲುವ ಆಹಾರ ಮಾಡುವ ಯಂತ್ರದೊಳಗೆ 110–130 ಡಿಗ್ರಿ ಇರುತ್ತದೆ. ಹಾಗಾಗಿ ಕಾಳು ಒಣಗಿ ತಣಿದ ಮೇಲೆ ದ್ರವ ರೂಪದಲ್ಲಿ ಸಿಂಪಡಿಸಬೇಕು. ಎರಡನೆಯದು, ಅದು ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 2.5ರಿಂದ 5.5ರ ಹುಳಿಯಲ್ಲಿ. ತಿಲಾಪಿಯಾ, ಟ್ರೌಟ್, ಪಂಗಾಸಿಯಸ್‌ಗೆ ಸರಿ. ಗೆಂಡೆಯ ಹೊಟ್ಟೆಯಲ್ಲಿ ಆ ಹುಳಿಯೇ ಇಲ್ಲ. ಅದಕ್ಕೆ ಫೈಟೇಸ್ ಬೆರೆಸಿದ ಒದ್ದೆ ಹಿಂಡಿಯನ್ನು ಮೊದಲೇ ಬೆಚ್ಚಗೆ ನೆನೆಸಿಟ್ಟು ಬಳಸಬೇಕಾಗುತ್ತದೆ, ಇಲ್ಲವೇ ಮಾನೊಕ್ಯಾಲ್ಸಿಯಂ ಹಾಕಿ ಕೈತೊಳೆದುಕೊಳ್ಳಬೇಕು. ಸಣ್ಣ ಪ್ರಮಾಣದಲ್ಲಿ ಆಹಾರ ಮಾಡುವವರಿಗೆ ಎರಡನೆಯದೇ ವಾಸಿ.

ರುಬ್ಬುವುದು, ಕಾಳು ಕಟ್ಟುವುದು, ತಿನ್ನಿಸುವುದು

ಹಿಂಡಿಯ ನಾರನ್ನು ಮೀನು ಅರಗಿಸುವುದಿಲ್ಲ, ದಪ್ಪ ಚೂರು ಕಾಳನ್ನೂ ಒಡೆಯುತ್ತದೆ. ಎಲ್ಲವೂ 500 ಮೈಕ್ರಾನ್ ಜರಡಿ ದಾಟಬೇಕು, ಸಿಗಡಿಗೆ 250. ಗೋಧಿ ಗ್ಲುಟೆನ್ ಶೇ. 3–5 ಹಾಕಿದರೆ ಪ್ರೋಟೀನ್ ಜೊತೆ ಅಂಟೂ ಸಿಗುತ್ತದೆ.

ವಾಸನೆ ಬದಲಾದ ಆಹಾರವನ್ನು ಮೀನು ಮೊದಲು ಅನುಮಾನದಿಂದ ನೋಡುತ್ತದೆ. ಒಮ್ಮೆಲೇ ಬದಲಿಸದೆ ಹತ್ತು ದಿನ ತೆಗೆದುಕೊಳ್ಳಿ: ಮೂರು ದಿನ ಕಾಲು ಭಾಗ ಹೊಸದು, ಮೂರು ದಿನ ಅರ್ಧ, ನಾಲ್ಕು ದಿನ ಮುಕ್ಕಾಲು. ಮಾಂಸಾಹಾರಿ ಮೀನಿಗೆ ಮೀನಿನ ಹೈಡ್ರೊಲೈಸೇಟ್ (ಚಿಕ್ಕ ತುಣುಕಾಗಿ ಒಡೆದ ಮೀನಿನ ಪ್ರೋಟೀನ್) ಶೇ. 2–3 ಅಥವಾ ಕ್ರಿಲ್ (ಸಣ್ಣ ಸಿಗಡಿಯಂಥ ಜೀವಿ) ಹಿಟ್ಟು ಶೇ. 1–3 ಸೇರಿಸಿದರೆ ತಿನ್ನುವುದು ಸುಧಾರಿಸುತ್ತದೆ. ಕಡಲ ಮೀನಿಗೆ ಟೌರಿನ್ ಶೇ. 0.5–1.

ನೀರನ್ನು ಮತ್ತೆ ಮತ್ತೆ ಬಳಸುವ ತೊಟ್ಟಿಗಳಲ್ಲಿ ಇನ್ನೊಂದು ಕಾಟ ಇದೆ. ಹಿಂಡಿ ತಿಂದ ಮೀನಿನ ಹಿಕ್ಕೆ ಸಡಿಲ; ಕದಡಿ ಸಣ್ಣ ಕಣವಾಗಿ ಸೋಸುಯಂತ್ರ ದಾಟಿಹೋಗುತ್ತದೆ. ಟ್ರೌಟ್ ಆಹಾರಕ್ಕೆ ಗೌರ್ ಗಮ್ (ಗೋರಿಕಾಯಿ ಬೀಜದ ಅಂಟು) ಶೇ. 0.3ರಷ್ಟು ಬೆರೆಸುವುದು ಇದೇ ಕಾರಣಕ್ಕೆ.

ಬೆಲೆ ಹೋಲಿಸುವ ಸರಿಯಾದ ಬಗೆ, ಮತ್ತು ಪರೀಕ್ಷೆ

ಚೀಲದ ಬೆಲೆಯನ್ನು ಪ್ರೋಟೀನ್ ಪಾಲಿನಿಂದ ಭಾಗಿಸಿ, ಬಂದದ್ದನ್ನು ಅರಗುವ ಪಾಲಿನಿಂದ ಮತ್ತೆ ಭಾಗಿಸಿ. ಇದು ಅರಗುವ ಪ್ರೋಟೀನ್ ಒಂದು ಕೆಜಿಯ ಬೆಲೆ. ಇದಕ್ಕೆ ಅಮೈನೋ ಆಮ್ಲ, ಫಾಸ್ಫೇಟ್, ಎಣ್ಣೆ, ರುಚಿಕಾರಕಗಳ ಖರ್ಚು ಕೂಡಿಸಿ. ಹತ್ತಿಬೀಜ, ಸೂರ್ಯಕಾಂತಿಯಂಥ ಅಗ್ಗದ ಹಿಂಡಿಗಳು ಹಲವು ಸಲ ಈ ಕೂಡಿಕೆಯಲ್ಲೇ ಸೋಲುತ್ತವೆ.

ಕೊನೆಯ ತೀರ್ಪು ಒಂದು ಕೆಜಿ ಮೀನು ಬೆಳೆಸಲು ತಗುಲಿದ ಆಹಾರದ ವೆಚ್ಚ. ಆಹಾರದ ಬೆಲೆ ಶೇ. 8 ಇಳಿದು, ಎಫ್‌ಸಿಆರ್ (ಒಂದು ಕೆಜಿ ಮೀನು ಬೆಳೆಯಲು ತಗುಲುವ ಆಹಾರದ ಕೆಜಿ) 1.5ರಿಂದ 1.7ಕ್ಕೆ ಏರಿದರೆ ಲೆಕ್ಕ ಹೀಗೆ: 0.92 × 1.7 = 1.564. ಹಳೆಯದು 1.5. ಅಗ್ಗದ ಆಹಾರ ಶೇ. 4ರಷ್ಟು ತುಟ್ಟಿಯಾಯಿತು, ಬೆಳೆಯಲು ಹಿಡಿದ ಹೆಚ್ಚಿನ ದಿನಗಳ ಖರ್ಚು ಬೇರೆ.

ಇಡೀ ಕೊಳಕ್ಕೆ ಬದಲಿಸುವ ಮೊದಲು ಅದೇ ಕೊಳದಲ್ಲಿ ಹಾಪಾ (ನೀರಲ್ಲಿ ಕಟ್ಟುವ ಪೆಟ್ಟಿಗೆಯಂಥ) ಬಲೆ ಕಟ್ಟಿ: ಹಳೆಯ ಆಹಾರಕ್ಕೆ ಮೂರು, ಹೊಸದಕ್ಕೆ ಮೂರು. ಪ್ರತಿ ಬಲೆಗೆ ಒಂದೇ ಗಾತ್ರದ 50 ಮೀನು, ಎಂಟರಿಂದ ಹತ್ತು ವಾರ. ಒಂದೊಂದೇ ಬಲೆ ಇಟ್ಟರೆ ಜಾಗದ ವ್ಯತ್ಯಾಸವನ್ನೇ ಆಹಾರದ ವ್ಯತ್ಯಾಸ ಎಂದು ತಿಳಿದುಬಿಡುತ್ತೀರಿ. ಎರಡು ವಾರಕ್ಕೊಮ್ಮೆ ತೂಕ ಹಾಕಿ, ಹಾಕಿದ ಆಹಾರದ ಜೊತೆ ಉಳಿದದ್ದನ್ನೂ ಬರೆದಿಡಿ. ಬೆಳವಣಿಗೆ ಕುಂಠಿತವಾದಾಗ ಮೊದಲು ಕೇಳಬೇಕಾದ್ದು ಮೀನು ಕಡಿಮೆ ತಿಂದಿತೋ, ತಿಂದೂ ಬೆಳೆಯಲಿಲ್ಲವೋ ಎಂದು. ಕಡಿಮೆ ತಿಂದಿದ್ದರೆ ರುಚಿಕಾರಕದ ಸಮಸ್ಯೆ. ತಿಂದೂ ಬೆಳೆಯದಿದ್ದರೆ ಅಮೈನೋ ಆಮ್ಲ ಅಥವಾ ಬೇಯದ ಹಿಂಡಿ.

ಮುಗಿದ ಮೇಲೆ ಪ್ರತಿ ಬಲೆಯಿಂದ ಐದು ಮೀನು ಕೊಯ್ದು ನೋಡಿ. ಟ್ರೌಟ್, ಸಾಲ್ಮನ್ ಕಣ್ಣಿನ ಮಸೂರ ಮಂಜಾಗಿದ್ದರೆ ಮೆಥಿಯೋನಿನ್ ಕೊರತೆಯನ್ನು ಶಂಕಿಸಿ, ಬಾಲದ ರೆಕ್ಕೆ ಸವೆದಿದ್ದರೆ ಲೈಸಿನ್, ಬೆನ್ನುಮೂಳೆ ಸೊಟ್ಟಗಿದ್ದರೆ ಟ್ರಿಪ್ಟೋಫಾನ್ ಅಥವಾ ರಂಜಕ. ಕರುಳಿನ ಹಿಂಭಾಗವನ್ನು ಉದ್ದಕ್ಕೆ ಸೀಳಿ ತೊಳೆದಾಗ ಒಳಗಿನ ಮಡಿಕೆಗಳು ಎತ್ತರವಾಗಿ ಸ್ಪಷ್ಟವಾಗಿರಬೇಕು. ಚಪ್ಪಟೆಯಾಗಿ, ಗೋಡೆ ಕೆಂಪೇರಿದ್ದರೆ ಸೋಯಾ ಹಿಂಡಿಯನ್ನು ಅರ್ಧಕ್ಕಿಳಿಸಿ ಆ ಪಾಲಿಗೆ ಸಾಂದ್ರ ಅಥವಾ ಹುದುಗಿಸಿದ ಹಿಂಡಿ ಹಾಕಿ ಮತ್ತೊಮ್ಮೆ ನೋಡಿ. ಸಾಲ್ಮನ್ ಕರುಳು ಸೋಯಾ ನಿಲ್ಲಿಸಿದ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ, ಆದ್ದರಿಂದ ಆ ಮೀನುಗಳನ್ನು ಕೈಬಿಡಬೇಕಿಲ್ಲ.